ಒಂದೇ ಸಲ ಕೂಗಿದ್ದು

ಆಗ ನನಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಕೆಲವರ ಕಾಲು ಹೋಗುತ್ತದೆ, ಕೆಲವರ ಕಣ್ಣು ಹೋಗುತ್ತದೆ. ನನ್ನದು ಎರಡೂ ಅರ್ಧರ್ಧ ಹೋಗಿ ಗಂಟಲು ಮಾತ್ರ ಗಟ್ಟಿಯಾಗುತ್ತಾ ಬಂತು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಬಾಯಿ ಬಿಟ್ಟರೆ ಬೇರೆ ಏನಿದೆ? ಬೈಯಪ್ಪನಹಳ್ಳಿಯ ನನ್ನ ಮನೆಯ ಮೇಲೆ ಎರಡು ಬಾಡಿಗೆ ಕೋಣೆಗಳಿವೆ. ಮೇಲೆ ಹತ್ತುವ ಮೆಟ್ಟಿಲಿಗೆ ಕಬ್ಬಿಣದ ಕಂಬಿ. ಸಂಪಿನ ಮೋಟಾರ್ ಹಾಕಿದರೆ ಆ ಕಂಬಿಗೆ ಕರೆಂಟು ಬರುತ್ತಿತ್ತು. ಸಂಪಿನೊಳಗಿನ ಮೋಟಾರಿಗೆ ಸದ್ದಿಲ್ಲ, ಹಾಗಾಗಿ ಅದರ ಸದ್ದನ್ನೂ ನಾನೇ ಮಾಡಬೇಕಿತ್ತು. ಹಾಕುವ ಮುಂಚೆ, ಹಾಕಿದ ಮೇಲೆ, ನಡುನಡುವೆ, "ಕಂಬಿ ಮುಟ್ಬೇಡ್ರೋ!" ಎಂದು ಕೂಗುತ್ತಿದ್ದೆ. ಮೆಟ್ರೋಗೆ ಓಡುವವರು ರಸ್ತೆಯಲ್ಲೇ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎಲೆಕ್ಟ್ರಿಷಿಯನ್ನನ್ನು ಕರೆಸಬಹುದಿತ್ತಲ್ಲ ಎನ್ನುತ್ತೀರಿ. ಕೂಗಿದರೆ ನಡೆಯುತ್ತಿರುವಾಗ ಯಾರು ಕರೆಸುತ್ತಾರೆ?

ಹಿಂದಿನ ಕೋಣೆಯಲ್ಲಿ ಗದಗದ ಹುಡುಗಿ ಸಹನಾ ಇದ್ದಳು. ಏನು ಕೆಲಸ ಎಂದರೆ "ವಾರ್ನಿಂಗ್ ಸ್ವಚ್ಛ ಮಾಡೂದ್ರಿ" ಎಂದಳು. ಅದನ್ನೂ ಗುಡಿಸುತ್ತಾರೆಂದು ನನಗೇನು ಗೊತ್ತು? ಕಂಪ್ಯೂಟರಿನ ಹೊಟ್ಟೆಯಲ್ಲಿ ಕರ್ನಲ್ ಅಂತ ಒಂದು ಕೂತಿರುತ್ತದಂತೆ. ಡಿಸ್ಕು, ಮೆಮೊರಿ ಎಲ್ಲದರ ಯಜಮಾನಿಕೆ ಅದರದ್ದು. ಏನಾದರೂ ಕೆಟ್ಟರೆ ಲಾಗ್ ಎನ್ನುವ ಜಾಗದಲ್ಲಿ ಒಂದು ಸಾಲು ವಾರ್ನಿಂಗ್ ಬರೆಯುತ್ತದೆ. ಅವಳ ಆಫೀಸಿನ ಕರ್ನಲ್ಲು ಬರೆದದ್ದನ್ನೇ ಬರೆದು ಲಾಗ್ ತುಂಬಿಸಿ, ನಿಜವಾದ ಅಪಾಯ ಆ ರಾಶಿಯಲ್ಲಿ ಹುಗಿದುಹೋಗುತ್ತಿತ್ತು. ಅದನ್ನು ಸರಿಮಾಡುವುದು ಅವಳ ಪ್ರೊಬೇಷನ್ನಿನ ಕೊನೆಯ ಕೆಲಸ. ಪಾಸಾದರೆ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅವಳು ಉಗುರು ಕಚ್ಚುತ್ತಾ ಓಡಾಡುತ್ತಿದ್ದಳು. ಕೋಣೆ ಖಾಲಿಯಾದೀತೆಂದು ನಾನೂ.

"ಅಜ್ಜಿ, ನೀವೂ ನಮ್ಮ ಲಾಗ್ ಇದ್ದಂಗ ಅದೀರಿ ನೋಡ್ರಿ," ಎಂದಳು ಒಂದು ದಿನ. "ನೂರ್ ಸಲ ಒದರಿದ್ರ ಯಾರ ಕಿವಿಗೂ ಬೀಳಂಗಿಲ್ಲ. ನಾ ಈಗ ಒಂದ ವಾರ್ನಿಂಗ್ ಒಂದ ಸಲ ಅಂತ ಮಾಡೇನ್ರಿ. ಮಷೀನ್ ಬಂದ್ ಮಾಡಿ ಮತ್ತ ಚಾಲೂ ಮಾಡೂತನಕ ಮುಗೀತು. ಲಾಗ್ ಹ್ಯಾಂಗ ಸ್ವಚ್ಛ ಆಗೇತಿ!"

"ಒಂದೇ ಸಲನಾ? ಆಮೇಲೆ ಯಾರಾದ್ರೂ ಸತ್ರೆ?"

"ಒಮ್ಮೆ ಹೇಳಿರ್ತೇವಲ್ರಿ!"

ಮುಂದಿನ ಕೋಣೆಯ ನರ್ಸ್ ಸ್ಟೆಲ್ಲಾ ಮೇಲಿನಿಂದಲೇ ಕೈ ಮುಗಿದಳು. "ಅಮ್ಮಾ, ಅವಳು ಹೇಳ್ದಂಗೆ ಮಾಡಿ. ನೈಟ್ ಡ್ಯೂಟಿ ಮುಗ್ಸಿ ಬಂದ್ರೆ ನಿಮ್ ಬಾಯಿಗೆ ನಿದ್ದೇನೇ ಹತ್ತಲ್ಲ."

ಮಾರನೇ ದಿನ ಮಧ್ಯಾಹ್ನದೊಳಗೆ ಸಹನಾ ಕೆಲಸ ಒಪ್ಪಿಸಬೇಕಿತ್ತು. ಬೆಳಿಗ್ಗೆ ಡ್ಯೂಟಿಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದ ಸ್ಟೆಲ್ಲಾಗೆ, "ಮೋಟಾರ್ ಹಾಕ್ತೀನಿ, ಕಂಬಿ ಮುಟ್ಬೇಡ" ಎಂದು ಒಂದೇ ಸಲ ಹೇಳಿದೆ. ಮೋಟಾರ್ ಹಾಕಿ, ಬಾಯಿ ಸುಮ್ಮನಿರಲಿ ಎಂದು ಎಲೆ ಅಡಿಕೆ ತುರುಕಿಕೊಂಡೆ. ಅಷ್ಟರಲ್ಲಿ ಸಹನಾ ತಲೆ ತೊಳೆದುಕೊಂಡು ಒದ್ದೆ ಟವೆಲ್ ಹಿಡಿದು ಹೊರಗೆ ಬಂದಳು. ನೋಡನೋಡುತ್ತಿದ್ದಂತೆ ಅದನ್ನು ಕಂಬಿಯ ಮೇಲೆ ಹರವಲು ಕೈ ಚಾಚಿದಳು. ನನ್ನ ಬಾಯಿ ತುಂಬಾ ರಸ. "ಉಂ! ಉಂ!" ಎಂದೆ. "ಏನ್ರಿ ಅಜ್ಜಿ?" ಎಂದು ಅವಳು ನನ್ನ ಕಡೆ ತಿರುಗುವುದಕ್ಕೂ ಟವೆಲ್ಲಿನ ತುದಿ ಕಂಬಿಗೆ ತಾಗುವುದಕ್ಕೂ ಸರಿಹೋಯಿತು. "ಯವ್ವಾ!" ಎಂದು ಕೈ ಕೊಡವಿ ಗೋಡೆಗೆ ಒರಗಿ ಕುಸಿದಳು.

ಸ್ವಿಚ್ ಆರಿಸಿ, ರಸ ಉಗಿದು, ಹತ್ತಲಾರದ ಮೆಟ್ಟಿಲು ಹತ್ತಿದೆ. ಸ್ಟೆಲ್ಲಾ ಎದ್ದು ಬಂದು ನಾಡಿ ಹಿಡಿದು ನೋಡಿ, "ಏನಾಗಿಲ್ಲ, ಜುಮ್ ಅಂದಿದೆ ಅಷ್ಟೇ" ಎಂದ ಮೇಲೆಯೇ ನನಗೆ ಉಸಿರು ಬಂದದ್ದು. ಉಸಿರು ಬಂದ ಕೂಡಲೇ ಸಿಟ್ಟೂ ಬಂತು.

"ಕಂಬಿ ಯಾಕೇ ಮುಟ್ಟಿದೆ?"

"ನೀವು ಒದರಿಲ್ಲ, ಮೋಟಾರ್ ಬಂದ್ ಐತಿ ಅಂತ ತಿಳ್ಕೊಂಡೆ. ಯಾಕ್ರಿ ಹೇಳಿಲ್ಲ?"

"ಹೇಳಿದ್ನಲ್ಲೇ! ನೀನೇ ಕಲಿಸ್ದಂಗೆ, ಒಂದ್ಸಲ!"

"ಯಾರಿಗೆ ಹೇಳಿದ್ರಿ?"

"ಸ್ಟೆಲ್ಲಾಗೆ."

ಹುಡುಗಿ ನನ್ನ ಮುಖವನ್ನೇ ನೋಡಿದಳು. ಶಾಕ್ ಹೊಡೆದಾಗಲೂ ಹೋಗದಿದ್ದ ಬಣ್ಣ ಈಗ ಹೋಯಿತು. "ಅಯ್ಯ ಅಜ್ಜಿ, ನಂದೂ ಹಿಂಗ ಆಗೇತ್ರಿ!" ಎಂದವಳೇ ಒಳಗೆ ಓಡಿದಳು.

ಮಷೀನಿನಲ್ಲಿ ಎರಡು ಡಿಸ್ಕುಗಳಿದ್ದರೆ, ಮೊದಲನೆಯದು ಒಂದು ಸಲ ಕೆಮ್ಮಿದ ಕೂಡಲೇ ಎರಡಕ್ಕೂ ಸೇರಿದ ಅವಳ ಆ ಒಂದು ಸಲ ಮುಗಿಯಿತು. ಆಮೇಲೆ ಎರಡನೆಯದು ಸತ್ತೇ ಹೋದರೂ ಲಾಗಿನಲ್ಲಿ ಸೊಲ್ಲಿಲ್ಲ. ಅಷ್ಟು ಓದಿದವಳೂ ನಾನೂ ಸೇರಿ ಮಾಡಿದ್ದು ಒಂದೇ ಕೆಲಸ! ಫೋನಿನಲ್ಲಿ ಅವಳ ಮೇಲಿನವನು ಕಿರುಚಿದ್ದು ಮೆಟ್ಟಿಲಿಗೂ ಕೇಳಿಸಿತು: "ಮಧ್ಯಾಹ್ನಕ್ಕೆ ಕಳಿಸ್ಬೇಕು, ಈಗ ಹೇಳ್ತಿದ್ದೀಯಲ್ಲಮ್ಮಾ!" ಸಂಜೆಯವರೆಗೆ ಸಮಯ ಕೊಟ್ಟ. ಅವಳು ಕೂತು ಮತ್ತೆ ಬರೆದಳು. ಸ್ಟೆಲ್ಲಾ ನಿದ್ದೆಗೆಟ್ಟು ಬಾಗಿಲಲ್ಲಿ ಕೂತಳು. ನಾನು ಅನ್ನ ತಂದಿಟ್ಟೆ, ಆರಿಹೋಯಿತು, ತೆಗೆದುಕೊಂಡು ಹೋದೆ.

ಕತ್ತಲಾಗುವ ಹೊತ್ತಿಗೆ ಫೋನು ಬಂತು. ಬೇಕೆಂದೇ ಎರಡೂ ಡಿಸ್ಕು ಕೆಡಿಸಿ ನೋಡಿದ್ದರಂತೆ. ಒಂದೊಂದಕ್ಕೂ ಒಂದೊಂದು ಸಾಲು ಬಂದಿತ್ತು. ನೌಕರಿ ಉಳಿಯಿತು. ಈ ತಪ್ಪು ಹೇಗೆ ಸಿಕ್ಕಿತು ಎಂದು ಅವನು ಕೇಳಿರಬೇಕು. "ನಮ್ಮ ಮನಿ ಅಜ್ಜಿ ಟೆಸ್ಟ್ ಮಾಡಿದ್ರು ಸರ್" ಎಂದಳು.

ಮಾರನೇ ಬೆಳಿಗ್ಗೆ ಹಲಸೂರಿನಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ನಾನು ಅಷ್ಟು ವರ್ಷ ಕೂಗಿದ್ದನ್ನು ಅವನು ಟೀ ಆರುವಷ್ಟರಲ್ಲಿ ಸರಿಮಾಡಿದ. ಮೋಟಾರ್ ಹಾಕಿ ಕಂಬಿಯನ್ನು ನಾನೇ ಗಟ್ಟಿಯಾಗಿ ಹಿಡಿದು ನಿಂತೆ. ಏನೂ ಆಗಲಿಲ್ಲ. ಮನೆಯೆಲ್ಲ ಸದ್ದಿಲ್ಲದೆ ಬಿದ್ದಿತ್ತು, ಗಂಟಲು ಕಡಿಯತೊಡಗಿತು. ಆಗತಾನೆ ಬಂದು ಮಲಗಿದ್ದ ಸ್ಟೆಲ್ಲಾಳ ಬಾಗಿಲು ಬಡಿದು, "ಇನ್ಮೇಲೆ ಕಂಬಿ ಮುಟ್ಬಹುದು!" ಎಂದು ಕೂಗಿದೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅಲ್ಲೂ ಕೂಗಿದೆ.