ತಿರುವಿನ ಕಲ್ಲಿಗೆ ಅರಿಶಿನ-ಕುಂಕುಮ

ಅಮೆರಿಕದ ನಮ್ಮ ರಸ್ತೆಯ ತಿರುವಿನಲ್ಲಿ ಆ ಸ್ಮಾರಕದ ಕಲ್ಲು ಇರುವ ತನಕ ನಮ್ಮ ಮನೆಯಲ್ಲಿ ನಗುವಿಗೆ ಕೊರತೆಯಿಲ್ಲ. ಬಹಳ ಹಿಂದೆ ಹಡಗಿನಲ್ಲಿ ಬಂದು ಇಲ್ಲಿ ನೆಲೆಸಿದವರು ಒಂದು ದಿನ ಎಲ್ಲ ಕೆಲಸ ಬಿಟ್ಟು ಒಟ್ಟಿಗೆ ಸೇರಿ, ಬದುಕಿ ಉಳಿದಿದ್ದಕ್ಕೆ ದೇವರನ್ನು ನೆನೆದರಂತೆ. ಹಾಗೆಂದು ಅದರ ಮೇಲಿನ ಲೋಹದ ಫಲಕ ಹೇಳುತ್ತದೆ. ಮುಂಜಾನೆ ಮಂಜು ಕವಿದಾಗ ಆ ಕಲ್ಲು ಯಾರೋ ಕೂತು ಜಪ ಮಾಡುತ್ತಿರುವಂತೆ ಕಾಣುತ್ತದೆ. ಕಾಫಿ ಹಿಡಿದು ಅದನ್ನೇ ನೋಡುತ್ತಾ ನಿಂತು ನಾನು ಎಷ್ಟೋ ಸಲ ಕೆಲಸಕ್ಕೆ ಹೋಗುವ ಜರ್ಸಿ ಸಿಟಿಯ ರೈಲು ತಪ್ಪಿಸಿಕೊಂಡಿದ್ದೇನೆ.

ಊಟದ ವಿಚಾರ

ಧಾರವಾಡದ ಗೆಳೆಯರೊಬ್ಬರು ಮೊದಲ ಸಲ ಮನೆಗೆ ಬಂದಾಗ ಕಾರು ನಿಲ್ಲಿಸಿ ಫಲಕವನ್ನು ಪೂರ್ತಿ ಓದಿದರು. ಒಳಗೆ ನಮ್ಮ ಚಪಾತಿ ಆರಿಹೋಗುತ್ತಿತ್ತು. ಕೊನೆಗೆ ಒಳಗೆ ಬಂದು ಬೇಸರದಿಂದ ಹೇಳಿದರು: "ಎಲ್ಲಾ ಬರದಾರ್ರೀ, ಊಟಕ್ಕ ಏನ್ ಮಾಡಿದ್ರು ಅಂತ ಮಾತ್ರ ಬರದಿಲ್ಲ."

ಸರ್ಕಾರಿ ದೇವರು

ಹೆಂಡತಿಯ ಹೆರಿಗೆಗೆಂದು ಮೈಸೂರಿನಿಂದ ಅತ್ತೆ ಬಂದರು. ವಾರದಲ್ಲೇ, "ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ. ಮಗು ಹುಟ್ಟಿದ ತಕ್ಷಣ ಹೊರಟುಬಿಡ್ತೀನಿ" ಎಂದರು. ಬಾಣಂತನ ಮಾಡುವವರು ಯಾರು? ಹೆಂಡತಿ ಕಣ್ಣು ತುಂಬಿಕೊಂಡಳು. ಅತ್ತೆಯ ಮನಸ್ಸು ಸ್ವಲ್ಪ ಹಗುರವಾಗಲೆಂದು ಕಲ್ಲಿನವರೆಗೆ ಕರೆದೊಯ್ದು ಅದರ ಕಥೆ ಹೇಳಿದೆ.

ಮರುದಿನ ನೋಡಿದರೆ ಕಲ್ಲಿಗೆ ಸ್ನಾನವಾಗಿತ್ತು. ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ.

"ಅತ್ತೆ, ಇದು ಸರ್ಕಾರದ ಕಲ್ಲು."

"ನಿಮ್ಮ ವೀಸಾನೂ ಸರ್ಕಾರದ್ದೇ ಅಲ್ವೇ? ಒಂದು ಹೂವು ಇರಲಿ."

ಗಾಜಿನ ತಟ್ಟೆ

ಎದುರು ಮನೆಯ ಅಮೆರಿಕನ್ ಅಜ್ಜಿ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಒಂದು ಬೆಳಗ್ಗೆ ನೇರವಾಗಿ ಕಲ್ಲಿನ ಬಳಿಗೇ ಬಂದರು. ಕಂಪ್ಲೇಂಟ್ ಖಂಡಿತ ಎಂದುಕೊಂಡು ನಾನು ಓಡಿದೆ. ಅಷ್ಟರಲ್ಲಿ ಅತ್ತೆ ಅವರ ಹಣೆಗೂ ಕುಂಕುಮ ಇಟ್ಟಾಗಿತ್ತು. ಅಜ್ಜಿ "ಬ್ಯೂಟಿಫುಲ್" ಎಂದು ನಕ್ಕರು.

ಮರುದಿನ ಗಾಜಿನ ತಟ್ಟೆಯಲ್ಲಿ ಕುಂಬಳಕಾಯಿ ಪೈ ಎಂಬ ಸಿಹಿತಿಂಡಿ ತಂದುಕೊಟ್ಟರು. ಮೊಟ್ಟೆ ಇರುತ್ತದೆಂದು ಅತ್ತೆ ಮುಟ್ಟಲಿಲ್ಲ, ನಾನೇ ಮುಗಿಸಿದೆ. ಆದರೆ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ಉಂಟೇ? ಅತ್ತೆ ಅದರ ತುಂಬ ಪುಳಿಯೋಗರೆ ಹಾಕಿ ಕೊಟ್ಟರು. ಅಜ್ಜಿ ಅದೇ ತಟ್ಟೆಯಲ್ಲಿ ಸೇಬು ತಂದರು. ಅತ್ತೆ ಕೋಡುಬಳೆ ತುಂಬಿ ಕೊಟ್ಟರು. ಹೀಗೆ ತಟ್ಟೆ ಎರಡೂ ಮನೆಗಳ ನಡುವೆ ಓಡಾಡುತ್ತಲೇ ಇತ್ತು.

ಆಮೇಲೆ ದಿನವೂ ಇಬ್ಬರೂ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಇವರದು ಕನ್ನಡ, ಅವರದು ಇಂಗ್ಲಿಷು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಕೆಂಪು ಎಲೆಗಳು ಮೆಲ್ಲಗೆ ಇಬ್ಬರ ಮಡಿಲಿಗೂ ಉದುರುತ್ತಿದ್ದವು. ನೋಡುತ್ತಿದ್ದರೆ ನನಗೆ ಕನಸೋ ನಿಜವೋ ತಿಳಿಯುತ್ತಿರಲಿಲ್ಲ, ಮನಸ್ಸು ತಣ್ಣಗಾಗುತ್ತಿತ್ತು.

ಮಗು ಹುಟ್ಟಿತು. ಹೆಂಡತಿ ಅಂಜುತ್ತಲೇ ಕೇಳಿದಳು: "ಅಮ್ಮಾ, ಊರಿಗೆ ಯಾವಾಗ ಹೊರಡ್ತೀಯ?"

ಅತ್ತೆ ಸಿಡುಕಿದರು: "ಹೇಗೇ ಹೊರಡ್ಲಿ? ಅವರ ತಟ್ಟೆ ಇನ್ನೂ ನಮ್ಮನೇಲೇ ಇದೆ."