ಕೆಚ್ಚಲಿನ ಸಾಕ್ಷಿ

ಹಸುವಿನ ಹಗ್ಗ ಹಳೆಯದಾಗಿದೆ, ಬದಲಾಯಿಸಬೇಕು ಎಂದು ಕೊಂಡಪ್ಪ ಯುಗಾದಿಯಿಂದಲೂ ಅಂದುಕೊಳ್ಳುತ್ತಲೇ ಇದ್ದ. ಆ ಹಗ್ಗವೂ ಹರಿಯುವುದಕ್ಕೆ ಒಳ್ಳೇ ದಿನವನ್ನೇ ಆರಿಸಿಕೊಂಡಿತು. ಅವತ್ತು ಅವನ ಮಗ ಮುನೀಶನ ಮದುವೆ ಮಾತಾಡಲು ಹೊಸೂರಿನಿಂದ ಹೆಣ್ಣಿನ ಅಪ್ಪ ನಿರಂಜನ ಬರುವವರಿದ್ದರು. ಸಂಬಂಧ ತಂದವಳು ಪಕ್ಕದ ಮನೆಯ ರಾಮಕ್ಕ; ನಿರಂಜನ ಅವಳ ಸ್ವಂತ ತಮ್ಮ. ಅವಳು ಹೂಂ ಅಂದರೆ ಮದುವೆ, ಊಹೂಂ ಅಂದರೆ ಕೆಲಮಂಗಲದ ಸುತ್ತಮುತ್ತ ಯಾರೂ ಮುನೀಶನಿಗೆ ಹೆಣ್ಣು ಕೊಡುವಂತಿರಲಿಲ್ಲ.

ಅಂಥ ರಾಮಕ್ಕನ ಈರುಳ್ಳಿ ಮಡಿಯ ನಟ್ಟನಡುವೆ ಕೊಂಡಪ್ಪನ ಹಸು ಗೌರಿ ನಿಂತಿತ್ತು. ಮಡಿಯಲ್ಲಿ ಒಂದೆಳೆ ಸೊಪ್ಪೂ ಉಳಿದಿರಲಿಲ್ಲ.

ಕೊಂಡಪ್ಪನ ಜೀವ ಬಾಯಿಗೆ ಬಂತು. ಹಸುವನ್ನು ದರದರ ಎಳೆದು ತಂದು ಕೊಟ್ಟಿಗೆಯಲ್ಲಿ ಕಟ್ಟಿದ. ಈರುಳ್ಳಿ ವಾಸನೆ ಹೋಗಲೆಂದು ಅದರ ನಾಲಿಗೆಗೆ ಉಪ್ಪು ತಿಕ್ಕಿದ, ಮೂತಿ ತೊಳೆದ. ಸಾಲದೆಂದು ಬೇಲಿಯಾಚೆ ಕೈಚಾಚಿ, ಸಿಕ್ಕಷ್ಟು ಪುದೀನ ಕಿತ್ತು ಅದರ ಮುಂದೆ ಗುಡ್ಡೆ ಹಾಕಿದ.

ಅಷ್ಟರಲ್ಲಿ ರಾಮಕ್ಕನ ಗಂಟಲು ಕೇಳಿಸಿತು. "ಯಾವ ಹಾಳಾದ್ದು ನನ್ನ ಈರುಳ್ಳಿ ಮೇಯ್ದಿದ್ದು? ಸಿಕ್ಲಿ, ಅದರ ಯಜಮಾನನ್ನ ಅದೇ ಗೂಟಕ್ಕೆ ಕಟ್ತೀನಿ!"

ಅವಳು ಊರಿನ ಕೊಟ್ಟಿಗೆಗಳನ್ನೆಲ್ಲ ಹುಡುಕಲು ಹೊರಟಳು. ಬೀಗರಾಗುವವರ ಮೇಲೆ ಅನುಮಾನ ಪಡುವುದುಂಟೇ? ಅವಳ ಸ್ವಂತ ಹಸು ಮಡಿಯ ಪಕ್ಕದಲ್ಲೇ ಕಣ್ಣು ಮುಚ್ಚಿ ಮೆಲುಕು ಹಾಕುತ್ತ ಮಲಗಿತ್ತು.

ನಿರಂಜನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಕ್ಕನ ಜೊತೆ ಬಂದು ಕೊಂಡಪ್ಪನ ಮನೆಯಲ್ಲಿ ಕೂತರು, ಕಾಫಿ ಒಂದು ಗುಟುಕು ಕುಡಿದರು, ಮುಖ ಹಿಂಡಿದರು.

"ಕಾಫಿಗೆ ಒಗ್ಗರಣೆ ಹಾಕಿದ್ದೀರಾ?"

"ಪಾತ್ರೆ ಸರ್ಯಾಗಿ ತೊಳ್ದಿಲ್ಲ ಅನ್ಸತ್ತೆ, ಸಾರ್," ಎಂದು ಕೊಂಡಪ್ಪ ಬೆವರೊರೆಸಿಕೊಂಡ.

"ಪಾತ್ರೆಯಲ್ಲ ಕೊಂಡಪ್ಪನೋರೇ. ಹಸು ಈರುಳ್ಳಿ ತಿಂದಿದೆ. ತಿಂದಿದ್ದರ ವಾಸನೆ ಹೊಟ್ಟೇಲೇ ಕೂತಿರಲ್ಲ. ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೆಚ್ಚಲಿಗೆ ಬಂದು ಹಾಲಿಗೂ ಇಳಿಯುತ್ತೆ. ಬಾಯಿ ತೊಳೆದ್ರೂ ಹೋಗಲ್ಲ."

ರಾಮಕ್ಕ ಲೋಟ ಕುಕ್ಕಿದಳು. ಕೊಂಡಪ್ಪ ಅವಳ ಕಾಲಿಗೇ ಬಿದ್ದ.

"ತಪ್ಪಾಯ್ತಕ್ಕ! ಗೌರಿ ಹಗ್ಗ ಕಿತ್ಕೊಂಡು ನಿನ್ನ ಮಡಿಗೆ ಹೋಗ್ಬುಟ್ಟಿತ್ತು. ಮುನೀಶನ ಮಕ ನೋಡ್ಕೊಂಡು ಹೊಟ್ಟೆಗೆ ಹಾಕ್ಕೋ!"

ಅವನ ಹೆಂಡತಿ ಚಿನ್ನಮ್ಮ ಒಳಗಿನಿಂದ ಓಡಿಬಂದಳು. "ಅಯ್ಯೋ, ಇದು ನಮ್ಮ ಗೌರಿ ಹಾಲಲ್ಲ! ನೀನು ಉಪ್ಪು ತಿಕ್ಕಿದ್ದಕ್ಕೆ ಅದು ರೇಗಿ ತಂಬಿಗೇನೇ ಒದ್ಬುಡ್ತು. ರಾಮಕ್ಕನ ಸೊಸೆ ತಾವ ಹಾಲು ಇಸ್ಕೊಂಡು ಬಂದೆ!"

ಮೇಷ್ಟ್ರು ಅಕ್ಕನ ಮುಖ ನೋಡಿದರು. ಕೊಂಡಪ್ಪ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ.

"ಹಂಗಾದ್ರೆ ಅಕ್ಕಾ, ಕಳ್ಳ ನಿನ್ನ ಮನೇಲೇ..."

"ನನ್ನ ಹಸ ನನ್ನ ಈರುಳ್ಳಿ ತಿಂದ್ರೆ ಅದ್ಯಾವ ಸೀಮೆ ಕಳ್ತನ?" ರಾಮಕ್ಕ ಗುಡುಗಿದಳು. "ನಿನ್ನ ಹಸ ನುಗ್ಗಿದ್ದು ನಿನ್ನ ಬಾಯಲ್ಲೇ ಬಂತಲ್ಲ! ನಡಿ, ಮಡಿ ಅಗೆದು ಹೊಸದಾಗಿ ನೆಟ್ಟುಕೊಡು. ಮದ್ವೆ ಮಾತು ಆಮ್ಯಾಕೆ."

ಅಕ್ಕನ ಮಾತು ಮೀರುವ ಧೈರ್ಯ ವಿಜ್ಞಾನದ ಮೇಷ್ಟ್ರಿಗೂ ಇರಲಿಲ್ಲ. ಬಂದ ಬಸ್ಸು ಹತ್ತಿ ಹೋದರು.

ಸಂಜೆಯವರೆಗೆ ಸನಿಕೆಯಿಂದ ಮಡಿ ಅಗೆಯುತ್ತ ಬಗ್ಗಿ ಬಗ್ಗಿ ಕೊಂಡಪ್ಪನ ಸೊಂಟ ಬಿದ್ದುಹೋಯಿತು. ಬದುವಿನ ಮೇಲೆ ಕೂತು ಕಾವಲು ಕಾಯುತ್ತಿದ್ದ ರಾಮಕ್ಕನಿಗೂ ಪಾಪ ಅನ್ನಿಸಿತು.

"ನಿನ್ನ ಹಸ ನಿಜವಾಗ್ಲೂ ತಿಂದಿಲ್ವೇನ್ಲಾ? ಹಂಗಾದ್ರೆ ಅದರ ಹಾಲೇ ಹೇಳ್ಲಿ. ಈಗ ಕರೆದಿದ್ರಲ್ಲಿ ಕಾಫಿ ಮಾಡ್ಸು. ಈರುಳ್ಳಿ ವಾಸ್ನೆ ಇಲ್ದಿದ್ರೆ ನಾಳೇನೇ ತಾಂಬೂಲ ಬದಲಾಯ್ಸಾಣ."

ಕೊಂಡಪ್ಪನಿಗೆ ಹೋದ ಜೀವ ಬಂತು. ಮುಂದಿದ್ದ ಗುಡ್ಡೆಯನ್ನೆಲ್ಲ ದಿನವಿಡೀ ಮೇದು ಖುಷಿಯಾಗಿದ್ದ ಗೌರಿ ತಂಬಿಗೆ ತುಂಬ ಹಾಲು ಕೊಟ್ಟಿತು. ಚಿನ್ನಮ್ಮ ಬಿಸಿಬಿಸಿ ಕಾಫಿ ತಂದಳು. ರಾಮಕ್ಕ ಮೂಸಿದಳು, ಗುಟುಕರಿಸಿದಳು.

"ಈರುಳ್ಳಿ ಇಲ್ಲ ಕಣ್ಲಾ!"

ಕೊಂಡಪ್ಪನ ಮುಖ ಅರಳಿತು. ತಾಂಬೂಲಕ್ಕೆ ಯಾರ್‍ಯಾರನ್ನು ಕರೆಯಬೇಕೆಂದು ಲೆಕ್ಕ ಹಾಕತೊಡಗಿದ.

ರಾಮಕ್ಕ ಇನ್ನೊಂದು ಗುಟುಕು ಕುಡಿದಳು. ನಾಲಿಗೆ ಚಪ್ಪರಿಸಿದಳು. ಮತ್ತೆ ಮೂಸಿದಳು. ಆಮೇಲೆ ನಿಧಾನವಾಗಿ ತಿರುಗಿ, ಬೇಲಿಯ ಪಕ್ಕದಲ್ಲಿ ಬೋಳಾಗಿ ನಿಂತಿದ್ದ ತನ್ನ ಪುದೀನ ಮಡಿಯನ್ನು ನೋಡಿದಳು.

ಕೊಂಡಪ್ಪ ಸನಿಕೆಯನ್ನು ಮತ್ತೆ ಕೈಗೆತ್ತಿಕೊಂಡ.