ಸೈಕಲ್ ನಂಬರ್ 510511

ಲೆಕ್ಕದ ಮೇಷ್ಟ್ರಾದ ನನಗೆ ಕಣ್ಣಿಗೆ ಬಿದ್ದ ಸಂಖ್ಯೆಯನ್ನೆಲ್ಲ ಭಾಗಿಸಿ ನೋಡುವ ಚಟ. ಶಿವಮೊಗ್ಗದಲ್ಲಿದ್ದಷ್ಟು ದಿನವೂ ಅದರಿಂದ ಏನಾದರೊಂದು ಫಜೀತಿ ಆಗುತ್ತಲೇ ಇತ್ತು. ಐವತ್ತರ ದಶಕದ ಕೊನೆಯಲ್ಲಂತೂ ನನ್ನ ಸೈಕಲ್ಲಿಗೇ ಸಂಚಕಾರ ಬಂತು.

ತಲೆಕೆಳಗಾದ ಸೈಕಲ್

ಪಂಕ್ಚರ್ ಹಾಕಿಸಲು ಸೈಕಲ್ ರಿಪೇರಿಯ ಸಾಹೇಬರ ಅಂಗಡಿಗೆ ಹೋಗಿದ್ದೆ. ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಾಗ ಪೆಡಲ್ಲಿನ ಹತ್ತಿರ ಅಚ್ಚೊತ್ತಿದ ನಂಬರ್ ಕಂಡಿತು: 510511. ಜೇಬಿನಲ್ಲಿ ಸೀಮೆಸುಣ್ಣ ಇದ್ದೇ ಇತ್ತು. ಅಂಗಡಿಯ ಚಪ್ಪಡಿಕಲ್ಲಿನ ಮೇಲೆ ಶುರುಮಾಡಿದೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು. ಯಾವುದರಿಂದ ಭಾಗಿಸಿದರೂ ಒಂದು ಉಳಿಯಿತು. ಈ ಏಳನ್ನೂ ಒಟ್ಟಿಗೆ ಗುಣಿಸಿದರೆ 510510. ಅದಕ್ಕೊಂದು ಸೇರಿಸಿದರೆ ನನ್ನ ಸೈಕಲ್. ಖುಷಿಗೆ ಮೈ ಜುಮ್ಮೆಂದಿತು.

“ಏಳು ಸಲ ಭಾಗಿಸಿದೆ ಸಾಹೇಬ್ರೇ, ಪ್ರತಿ ಸಲ ಒಂದು ಉಳೀತು,” ಎಂದೆ.

“ನಾನೂ ಏಳು ಪ್ಯಾಚ್ ಹಾಕಿದೀನಿ ಮೇಷ್ಟ್ರೇ, ಪ್ರತಿ ಸಲ ಒಂದು ತೂತು ಉಳೀತದೆ. ಟ್ಯೂಬ್ ಬದಲಾಯ್ಸಿ,” ಎಂದರು.

ನಾನು ಬದಲಾಯಿಸಲಿಲ್ಲ.

ಬಾಮೈದನ ಭಾನುವಾರಗಳು

ಭದ್ರಾವತಿಯ ಕಾರ್ಖಾನೆಯಲ್ಲಿದ್ದ ನನ್ನ ಬಾಮೈದನಿಗೆ ಆ ಸೈಕಲ್ಲಿನ ಮೇಲೆ ಕಣ್ಣು. ಭಾನುವಾರ ರೈಲಿನಲ್ಲಿ ಬಂದವನೇ ಅದರ ಗಂಟೆ ಬಾರಿಸುತ್ತಿದ್ದ. “ಶಿಫ್ಟಿಗೆ ನಡೆದೂ ನಡೆದೂ ಕಾಲು ಸವೀತು ಭಾವ, ಕೊಡಿ,” ಎಂದು ವರಾತ.

ಅದು ಹೋದರೆ ನಾನು ಶಾಲೆಗೆ ನಡೆಯಬೇಕಿತ್ತು. “ಈ ನಂಬರನ್ನ ಶೇಷ ಉಳಿಯದ ಹಾಗೆ ಭಾಗಿಸು, ಅವತ್ತೇ ಸೈಕಲ್ ನಿಂದು,” ಎಂದೆ, ಧೈರ್ಯವಾಗಿ.

ಮುಂದಿನ ವಾರ ಓಡಿ ಬಂದ. “ಸಿಕ್ತು ಭಾವ. ಒಂದರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ.”

“ಒಂದು ಲೆಕ್ಕಕ್ಕಿಲ್ಲ ಮಾರಾಯ.”

ಅದರ ಮುಂದಿನ ವಾರ ಇನ್ನೂ ಬೇಗ ಬಂದ. “ಅದನ್ನ ಅದರಿಂದಲೇ ಭಾಗಿಸಿದ್ವಿ. ಇಡೀ ಶಿಫ್ಟಿನವರು ಸರಿ ಅಂದ್ರು.” ಅದೂ ಲೆಕ್ಕಕ್ಕಿಲ್ಲವೆಂದೆ.

ಹತ್ತೊಂಬತ್ತು

ಮೂರನೇ ಭಾನುವಾರ ಬಾಮೈದನ ಎದುರಿಗೇ ನನ್ನವಳು ಅವರೆಕಾಯಿ ಸುಲಿಯುತ್ತ ಕೇಳಿದಳು: “ಹದಿನೇಳಕ್ಕೇ ಯಾಕ್ರೀ ನಿಲ್ಲಿಸಿದ್ರಿ?”

“ಸಾಕು ಅಂತ.”

“ಹತ್ತೊಂಬತ್ತು?”

ಹತ್ತೊಂಬತ್ತರ ಮಗ್ಗಿ ನನಗೆ ಈವರೆಗೂ ಬಾಯಿಗೆ ಬಂದಿಲ್ಲ. ಶಾಲೆಯಲ್ಲಿ ಒಪ್ಪಿಸಿಕೊಳ್ಳುವಾಗಲೂ ಪುಸ್ತಕ ಹಿಡಿದೇ ಇರುತ್ತಿದ್ದೆ. ಅವಳು ಸ್ಲೇಟು ತಂದು ಕ್ಷಣದಲ್ಲಿ ಭಾಗಿಸಿದಳು. ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು. ಶೇಷ ಸೊನ್ನೆ. ಮೂರು ಸಲ ತಾಳೆ ನೋಡಿದೆ, ಸರಿಯಾಗಿಯೇ ಇತ್ತು.

ಸೈಕಲ್ ಹೋಯಿತು, ನಿಜ. ಆದರೆ ಆ 26869 ಮತ್ತೆ ಒಡೆಯುತ್ತದೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕಿತ್ತು. ಬಾಮೈದ ಉಂಡ, ಗಾಳಿ ಹೊಡೆದ, ಹೊರಟ. ನನ್ನ ಅನ್ನ ತಟ್ಟೆಯಲ್ಲೇ ಆರಿತು. ಅಷ್ಟರಲ್ಲಿ ಅದು ತೊಂಬತ್ತೇಳರಿಂದ ಶೇಷವಿಲ್ಲದೆ ಹೋಯಿತು. ಸ್ಲೇಟು ಹಿಡಿದು ಬೀದಿಗೆ ಓಡಿದೆ.

“ನಿಲ್ಲೋ, ಇನ್ನೂ ಇದೆ,” ಎಂದು ಕೂಗಿದೆ. ನಾನು ಮಾತು ಬದಲಾಯಿಸಿದೆನೆಂದು ಅವನು ಇನ್ನೂ ಜೋರಾಗಿ ತುಳಿದ. ಬಿಡದೆ ಓಡಿದೆ. ಭದ್ರಾವತಿ ರಸ್ತೆಯಲ್ಲಿ ಊರು ಮುಗಿಯುವಲ್ಲಿ ಒಂದು ಮರದಡಿ ಸಿಕ್ಕ.

“ತೊಂಬತ್ತೇಳರಿಂದಲೂ ಹೋಗುತ್ತೆ ಕಣೋ,” ಎಂದೆ ಏದುಸಿರು ಬಿಡುತ್ತ. “ಏನೂ ಉಳಿಯಲ್ಲ.”

ಅವನು ಗಾಳಿ ಹೋಗಿ ಚಪ್ಪಟೆಯಾದ ಹಿಂದಿನ ಚಕ್ರ ತೋರಿಸಿದ.

“ಒಂದು ಉಳಿದಿದೆ ಭಾವ.”